ಕೌದಿ ಹೊದ್ದ ಪ್ರಿಂಟರ್

ಬಣ್ಣ ಸರಿ ಬರುತ್ತಿಲ್ಲ ಎಂಬ ದೂರಿನಷ್ಟು ನನ್ನ ಪಿತ್ತ ಕೆರಳಿಸಿದ ದೂರು ಇನ್ನೊಂದಿಲ್ಲ. ಕಾಗದ ಸಿಕ್ಕಿಕೊಂಡಿದೆ ಅಂದರೆ ಹೋಗಿ ಎಳೆದು ತೆಗೆಯಬಹುದು. ಪ್ರಿಂಟರ್ ಚಾಲೂ ಆಗುತ್ತಿಲ್ಲ ಅಂದರೆ ಬಹಳ ಸಲ ಹಿಂದಿನ ವೈರು ಸಡಿಲಾಗಿರುತ್ತದೆ. ಅದನ್ನು ಗಟ್ಟಿಯಾಗಿ ಒತ್ತಿ, ದೊಡ್ಡ ಕೆಲಸ ಮಾಡಿದವನ ಹಾಗೆ ಮುಖ ಮಾಡಿಕೊಂಡು, ಚಹಾ ಕುಡಿದು ಬರಬಹುದು. ಬಣ್ಣದ ದೂರು ಹಾಗಲ್ಲ. ಸಾಹೇಬರಿಗೆ ಕೆಂಪು ಹೆಚ್ಚು ಅನಿಸಿದ್ದು ಕ್ಲಾರ್ಕಿಗೆ ಕಡಿಮೆ ಅನಿಸುತ್ತದೆ. ಪರದೆಯ ಮೇಲೆ ಹೊಳೆದಂತೆ ಕಾಗದದ ಮೇಲೆ ಹೊಳೆಯುವುದಿಲ್ಲ ಎಂದು ತಿಳಿಸಿ ಹೇಳಿದರೆ ನೆಪ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ರೋಗ ಮಷೀನಿನದೋ ನೋಡುವವರ ಕಣ್ಣಿನದೋ ಎಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಈಗ ಅಲ್ಲಿ ಕುಳಿತು ಮೊಬೈಲಿನ ಗಾಜು ಬದಲಿಸುವುದೇ ಹೆಚ್ಚು. ಆಫೀಸಿನವರೆಲ್ಲ ಕಾಗದವನ್ನು ಬಿಟ್ಟು ಎಲ್ಲವನ್ನೂ ಫೋನಿನಲ್ಲೇ ಕಳಿಸಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಹೀಗಿರಲಿಲ್ಲ. ಬೆಳಿಗ್ಗೆ ಗಾಡಿಯ ಹಿಂದೆ ಶಾಯಿ ಬಾಟಲಿಗಳ ಡಬ್ಬಿ ಕಟ್ಟಿಕೊಂಡು ಹೊರಟರೆ ಒಂದು ದಿನ ನಿಪ್ಪಾಣಿ, ಒಂದು ದಿನ ರಾಯಬಾಗ, ಇನ್ನೊಂದು ದಿನ ಅಥಣಿ, ಕಾಗವಾಡ. ಕಣ್ಣು ಮುಚ್ಚಿ ಕೂತಿದ್ದರೂ ಯಾವ ಊರು ಬಂತೆಂದು ಮೂಗು ಹೇಳುತ್ತಿತ್ತು. ನಿಪ್ಪಾಣಿಗೆ ತಂಬಾಕಿನ ಘಾಟು, ಅಥಣಿಯ ಚಪ್ಪಲಿ ಓಣಿಗೆ ಹದ ಮಾಡಿದ ತೊಗಲಿನ ವಾಸನೆ, ನಡುವಿನ ದಾರಿಗೆಲ್ಲ ಬೆಲ್ಲ ಕುದಿಯುವ ವಾಸನೆ. ಆ ದಾರಿಯ ಮೇಲೆ ನನಗೆ ಈಗಲೂ ಮೋಹ. ಮಂಡಿ ನೋವು ಅಂತ ಹೆಂಡತಿ ಗಾಡಿಯ ಚಾವಿಯನ್ನೇ ಬಚ್ಚಿಟ್ಟಿದ್ದಾಳೆ, ಅದು ಬೇರೆ ಮಾತು.

ಆ ದಿನಗಳ ಬಣ್ಣದ ದೂರುಗಳನ್ನು ನೆನೆದರೆ ಈಗ ನಗು ಬರುತ್ತದೆ. ರಾಯಬಾಗದ ಒಂದು ಆಫೀಸಿನಲ್ಲಿ ಯಾರ ಫೋಟೋ ತೆಗೆದರೂ ಗಲ್ಲ ಹಳದಿ. ಎಲ್ಲರಿಗೂ ಕಾಮಾಲೆ ಆದಂತೆ. ನೋಡಿದರೆ ದಸರೆಯ ಖಂಡೆ ಪೂಜೆಯ ದಿನ ಮಷೀನಿಗೂ ಭಕ್ತಿಯಿಂದ ಭಂಡಾರ ಏರಿಸಿದ್ದರು. ಅರಿಷಿಣದ ಪುಡಿ ಸ್ಕ್ಯಾನರಿನ ಗಾಜಿನ ಮೇಲೆ ಬಳಿದುಕೊಂಡು ಕೂತಿತ್ತು. ಒರೆಸಬೇಡಿ, ದೇವರದು ಅಂತ ಒಬ್ಬರು ಅಡ್ಡ ಬಂದರು. ಒರೆಸಿ ಅದನ್ನು ನನ್ನ ಹಣೆಗೇ ಹಚ್ಚಿಕೊಂಡ ಮೇಲೆ ಸುಮ್ಮನಾದರು.

ಆದರೆ ಮರೆಯದೇ ಉಳಿದದ್ದು ಏಕಸಂಬಿ ಕಡೆಯ ಒಂದು ಹಾಲಿನ ಸಂಘದ ಪ್ರಿಂಟರು.

ಆ ಸಂಘದ ಆಫೀಸೆಂದರೆ ಹಾಲು ಅಳೆಯುವ ಕಟ್ಟೆಯ ಹಿಂದಿನ ಒಂದು ಖೋಲಿ. ಅಲ್ಲಿ ಇಬ್ಬರೇ. ಒಬ್ಬರು ಸೆಕ್ರೆಟರಿ. ದಪ್ಪ ಮೀಸೆಯ, ಎಲ್ಲದಕ್ಕೂ ಮೂಗು ಮುರಿಯುವ, ಆದರೆ ಬಂದವರಿಗೆ ಚಹಾ ಕೊಡದೆ ಕಳಿಸದ ಮನುಷ್ಯ. ನೀರು ಕಾಣದ ಗಟ್ಟಿ ಎಮ್ಮೆ ಹಾಲಿನ ಚಹಾ ಅದು. ಅಂಥ ಚಹಾ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಇನ್ನೊಬ್ಬಳು ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ. ಹುಡುಗಿ ಅನ್ನುತ್ತೇನೆ, ಆಗಲೇ ಮದುವೆಯಾಗಿ ಅದೇ ಊರಿಗೆ ಸೊಸೆಯಾಗಿ ಬಂದಿದ್ದಳು. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು, ನಾನು ತಂಗೆವ್ವ ಅನ್ನುತ್ತಿದ್ದೆ.

ಆ ಪ್ರಿಂಟರಿಗೆ ಅವಳು ಒಂದು ಕೌದಿ ಹೊದಿಸುತ್ತಿದ್ದಳು. ಕಬ್ಬು ನುರಿಸುವ ದಿನಗಳಲ್ಲಿ ಆ ಕಡೆ ಸಕ್ಕರೆ ಕಾರ್ಖಾನೆಗಳ ಕರಿ ಬೂದಿ ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಬಟ್ಟೆ, ಹಪ್ಪಳ, ತಲೆ ಏನನ್ನೂ ಬಿಡುವುದಿಲ್ಲ. ಬೂದಿ ಒಳಗೆ ಹೋಗದಿರಲಿ ಎಂದು ಅವಳು ಮನೆಯಿಂದ ಹಳೆಯ ಕೌದಿಯೊಂದನ್ನು ತಂದಿದ್ದಳು. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಒತ್ತೊತ್ತಾಗಿ ಹೊಲಿದ ಚಿಕ್ಕ ಕೌದಿ. ಕೂಸಿಗೆ ಹೊದಿಸುವ ಅಳತೆಯದು. ನಾನು ಪ್ರತಿ ಸಲ ಹೋದಾಗಲೂ ಅದನ್ನು ಎತ್ತಿ ಕುರ್ಚಿಯ ಮೇಲೆ ಒಗೆಯುತ್ತಿದ್ದೆ.

"ಮಷಿನ್ನಿಗೇನ ಥಂಡಿ ಹತ್ತೇತೇನ ತಂಗೆವ್ವ? ಇದರ ಎಳಿ ಒಳಗ ಹೋದ್ರ ಮತ್ತ ನನ್ನನ್ನ ಕರೀತಿ," ಎನ್ನುತ್ತಿದ್ದೆ.

"ಪ್ಲಾಸ್ಟಿಕ್ ಹಾಕಿದ್ರ ಬೆವರತೈತ್ರಿ ಅಣ್ಣಾರ. ಇದು ನಮ್ಮ ಆಯಿ ಕೈಲೆ ಹೊಲಿದ ಕೌದಿ. ಏನೂ ಆಗೂದಿಲ್ಲ," ಎಂದು ಅದನ್ನು ಕುರ್ಚಿಯಿಂದ ಎತ್ತಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಆಯಿ ಅಂದರೆ ಅವಳ ತಾಯಿಯ ತಾಯಿ. ಇವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಮುದುಕಿ. ಇವಳ ಮದುವೆಗೆ ಮೊದಲೇ ತೀರಿಕೊಂಡಿದ್ದಳು.

ಮೊದಲ ದೂರು ಸೆಕ್ರೆಟರಿಯವರದು. ಸಂಘದ ಗುರುತೆಂದರೆ ಹಸಿರು ಹುಲ್ಲಿನ ಮೇಲೆ ನಿಂತ ಒಂದು ಎಮ್ಮೆ. ಹಾಲು ಹಾಕುವವರ ಕಾರ್ಡಿನ ಮೇಲೆ ಆ ಹುಲ್ಲು ಹಳದಿಯಾಗಿ, ಅದರ ಮೇಲೆ ಯಾರೋ ಬೆರಳಿನಿಂದ ಉಜ್ಜಿದಂತೆ ಬೂದು ಗೆರೆ ಎಳೆದುಕೊಂಡು ಬರುತ್ತಿತ್ತು.

"ಇದನ್ನ ನೋಡ್ರಿ ಮಿಸ್ತ್ರಿ. ಹುಲ್ಲ ಒಣಗಿ ಕಣಕಿ ಆಗೇತಿ. ಇಂಥಾ ಹುಲ್ಲ ತಿಂದ ಎಮ್ಮಿ ಏನ ಹಾಲ ಕೊಡತೈತಿ ಅಂತ ಮಂದಿ ಕೇಳಾಕತ್ತಾರ," ಎಂದರು.

ನಾನು ಶಾಯಿ ಚಿಮ್ಮುವ ತಲೆಯನ್ನು ತೊಳೆದೆ. ಪರೀಕ್ಷೆಯ ಹಾಳೆ ತೆಗೆದೆ. ನಾಲ್ಕೂ ಬಣ್ಣದ ಗೆರೆಗಳು ಒಂದೂ ತುಂಡಾಗದೆ ಬಂದವು. ಎಮ್ಮೆಯ ಕಾಲ ಕೆಳಗೆ ಹುಲ್ಲು ಚಿಗುರಿತು. ಕೆಲವು ದಿನ ಕಳೆದು ಮತ್ತೆ ಅದೇ ಫೋನು, ಮತ್ತೆ ಅದೇ ಒಣಹುಲ್ಲು. ಶಾಯಿ ಬದಲಿಸಿದೆ, ಕಾಗದ ಬದಲಿಸಿದೆ, ಕಿಟಕಿಯ ಹತ್ತಿರ ಒಯ್ದು ನೋಡಿದೆ. ಹೋದ ದಿನ ಸರಿ, ಬಿಟ್ಟು ಬಂದರೆ ಕೆಟ್ಟಿತು. ಇಷ್ಟು ವರ್ಷ ಮಾಡಿದ ಕೆಲಸ ನನ್ನನ್ನೇ ನೋಡಿ ನಗುತ್ತಿದೆ ಅನಿಸಿ ಮೈ ಪರಚಿಕೊಳ್ಳುವ ಹಾಗಾಗಿತ್ತು.

ಅಂಥ ಒಂದು ದಿನ ಸೆಕ್ರೆಟರಿಯವರು ಕಟ್ಟೆಯ ಕಡೆ ಹೋದ ಹೊತ್ತು ನೋಡಿ ಹುಡುಗಿ ಮೆಲ್ಲಗೆ ತನ್ನ ದೂರು ತೆಗೆದಳು. ಪರ್ಸಿನಿಂದ ಒಂದು ಫೋಟೋ ಹೊರಗೆ ಬಂತು. ಹಳೆಯ ಕಲರ್ ಫೋಟೋ. ಕುರ್ಚಿಯ ಮೇಲೆ ಕೂತ ಒಬ್ಬ ಬಸುರಿ, ತಲೆ ತುಂಬ ಹೂವು, ಕೈ ತುಂಬ ಬಳೆ, ಉಡಿ ತುಂಬಿಸಿಕೊಂಡು ನಾಚಿದ ಮುಖ. ಫೋಟೋಕ್ಕೆ ವಯಸ್ಸಾಗಿ ಇಡಿಯ ಚಿತ್ರ ಕಾಚು ತಿಂದ ಬಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದು ನಮ್ಮವ್ವನ ಕುಬಸದ ಫೋಟೋರಿ. ಒಳಗ ನಾನ ಅದೀನಿ," ಎಂದು ನಕ್ಕಳು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅವಳನ್ನು ಹೆತ್ತ ಹೆರಿಗೆಯಲ್ಲೇ ತಾಯಿ ತೀರಿಕೊಂಡಿದ್ದಳು. ತಂದೆ ಇನ್ನೊಂದು ಮದುವೆಯಾಗಿ ಮಿರಜ ಕಡೆ ಹೋದವರು ಈ ಕಡೆ ಹೆಚ್ಚು ತಿರುಗಿ ನೋಡಿರಲಿಲ್ಲ. ತಾಯಿಯದೆಂದು ಇವಳ ಹತ್ತಿರ ಇದ್ದದ್ದು ಈ ಒಂದು ಫೋಟೋ. ಈಗ ಇವಳಿಗೇ ಏಳನೆಯ ತಿಂಗಳು ಬರುತ್ತಿತ್ತು, ಕುಬಸ, ಅಂದರೆ ಸೀಮಂತ, ಮಾಡಬೇಕು. ಕುಪ್ಪಸಕ್ಕೆ ಹಸಿರು ಖಣ, ಹಸಿರು ಬಳೆ, ಸೀರೆ ಎಲ್ಲ ತವರಿನಿಂದ ಬರಬೇಕು. ತವರು ಅಂತ ಉಳಿದವಳು ಐನಾಪುರದ ದೊಡ್ಡವ್ವ ಒಬ್ಬಳೇ, ತಾಯಿಯ ಅಕ್ಕ. ಅವರ ಮನೆತನದಲ್ಲಿ ಖಣ ಮತ್ತು ಬಳೆ ಹಸಿರೇ ಇರಬೇಕು, ಸೀರೆಯ ಬಣ್ಣ ಮಾತ್ರ ಬಸುರಿ ಆರಿಸಿದ್ದು. ಬಸುರಿಯ ಮನಸ್ಸಿಗೆ ಬಂದದ್ದನ್ನು ಇಲ್ಲ ಅನ್ನಬಾರದು ಎಂಬ ಪದ್ಧತಿ.

"ನಮ್ಮವ್ವ ಯಾವ ಬಣ್ಣ ಆರಿಸಿದ್ಳೋ ಅದ ಬಣ್ಣ ನನಗೂ ಬೇಕ್ರಿ ಅಣ್ಣಾರ. ಆಕಿಗೆ ಏನ ಸೇರತಿತ್ತು, ಏನ ಸೇರತಿರಲಿಲ್ಲ, ನನಗೇನೂ ಗೊತ್ತಿಲ್ಲ. ಇದೊಂದರ ಗೊತ್ತಾಗ್ಲಿ," ಎಂದಳು.

ದೊಡ್ಡವ್ವನನ್ನು ಕೇಳಿದ್ದಳಂತೆ. ಗುಲಬಕ್ಷಿ ಇತ್ತು ಅಂದಿದ್ದಳು. ಸಂಜೆ ಅರಳುವ ಆ ಹೂವಿನ ಕಡು ಗುಲಾಬಿ. ಸರಿ, ಹುಡುಗಿ ಫೋಟೋವನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದು ನೋಡಿದ್ದಳು, ಗುಲಬಕ್ಷಿ ಕಾಣಲಿಲ್ಲ. ಮತ್ತೆ ತೆಗೆದಳು. ಇಟ್ಟಿಗೆ ಬಣ್ಣ, ಕಾಫಿ ಬಣ್ಣ, ಏನೇನೋ ಬಂತೇ ಹೊರತು ಗುಲಬಕ್ಷಿ ಬರಲಿಲ್ಲ. ಹುಲ್ಲನ್ನೇ ಸರಿ ತೆಗೆಯಲಾರದ ಮಷೀನು ಸೀರೆಯನ್ನೇನು ತೆಗೆದೀತು ಎಂದು ಅವಳ ಲೆಕ್ಕ. ಪ್ರಿಂಟರು ಸರಿಯಾದರೆ ತಾಯಿಯ ಸೀರೆಯೂ ಸರಿಯಾಗುತ್ತದೆ ಎಂದು ನಂಬಿಕೊಂಡು ಕೂತಿದ್ದಳು. ಆ ನಂಬಿಕೆಯನ್ನು ನನ್ನ ಮೇಲೆ ಇಟ್ಟಿದ್ದಳು ಎಂಬುದು ಗೊತ್ತಾದಾಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ನಾನೂ ಪ್ರಯತ್ನ ಮಾಡಿದೆ. ಕಂಪ್ಯೂಟರಿನಲ್ಲಿ ಕೆಂಪು ಏರಿಸಿದೆ, ಹಳದಿ ಇಳಿಸಿದೆ. ಗುಲಬಕ್ಷಿ ಹೇಗೋ ಬಂತು, ಆದರೆ ಅದರೊಡನೆ ತಾಯಿಯ ಮುಖ, ಹಿಂದಿನ ಗೋಡೆ, ಉಡಿಯ ತೆಂಗಿನಕಾಯಿ ಎಲ್ಲವೂ ರಂಗಪಂಚಮಿ ಆಡಿ ಬಂದಂತೆ ಕಂಡವು. ಹುಡುಗಿ ಅದನ್ನು ನೋಡಿ ಹಾಳೆಯನ್ನು ಮಗುಚಿ ಇಟ್ಟಳು.

ಅಂಗಡಿಗೆ ಬಂದ ಮೇಲೂ ಆ ಫೋಟೋ ಕಣ್ಣ ಮುಂದಿಂದ ಹೋಗಲಿಲ್ಲ. ರೊಟ್ಟಿ ಮುರಿಯುತ್ತ ಕೂತಾಗ ಹೆಂಡತಿಯ ಕೈಬಳೆ ಸದ್ದಾಯಿತು. ಆಗ ತಲೆಗೆ ಹೊಳೆಯಿತು. ಆ ಫೋಟೋದಲ್ಲಿ ಬಳೆಗಳ ಬಣ್ಣ ಯಾವುದಿತ್ತು? ಅವೂ ಕಾಚಿನ ಬಣ್ಣವೇ. ಆದರೆ ಕುಬಸದ ಬಳೆ ಹಸಿರಲ್ಲದೆ ಇನ್ನೇನಿರುತ್ತದೆ? ಕೈಯಲ್ಲಿ ಹಸಿರು ಬಳೆ ಇಲ್ಲದ ಕುಬಸ ನಮ್ಮ ಕಡೆ ಯಾವ ಜಾತಿಯಲ್ಲೂ, ಯಾವ ಊರಲ್ಲೂ ಇಲ್ಲ. ಅಂದರೆ ಪ್ರಿಂಟರು ಸುಳ್ಳು ಹೇಳುತ್ತಿರಲಿಲ್ಲ. ಫೋಟೋವೇ ತನ್ನ ನೀಲಿಯನ್ನೆಲ್ಲ ಕಳೆದುಕೊಂಡು ಕೂತಿತ್ತು. ಹಳೆಯ ಕಲರ್ ಫೋಟೋಗಳಲ್ಲಿ ಹಾಗಾಗುತ್ತದೆ, ನೀಲಿ ಮೊದಲು ಹಾರಿ ಹೋಗಿ ಕೆಂಪು ಉಳಿಯುತ್ತದೆ.

ಮರುದಿನವೇ ಹೋದೆ. ಬಳೆ ಹಸಿರಾಗುವ ತನಕ ನೀಲಿಯನ್ನು ಏರಿಸುತ್ತ ಹೋದೆ. ಬಳೆ ಹಸಿರಾಯಿತು, ಖಣ ಹಸಿರಾಯಿತು, ಮುಖಕ್ಕೆ ಮನುಷ್ಯರ ಕಳೆ ಬಂತು. ಸೀರೆ ಮಾತ್ರ ಗುಲಬಕ್ಷಿಯ ಹತ್ತಿರಕ್ಕೂ ಹೋಗಲಿಲ್ಲ. ಅದು ನೀಲಿಯ ಕಡೆ ಹೊರಳಿ, ಯಾವ ನೀಲಿ ಎಂದು ಹೇಳದೆ, ಮಸುಕಾಗಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಹೇಳಲು ಫೋಟೋದಲ್ಲಿ ಏನೂ ಉಳಿದಿರಲಿಲ್ಲ.

"ತಂಗೆವ್ವ, ಇದು ಗುಲಬಕ್ಷಿ ಅಲ್ಲವ್ವ," ಎಂದೆ.

ಅವಳು ಅಲ್ಲಿಂದಲೇ ದೊಡ್ಡವ್ವನಿಗೆ ಫೋನ್ ಹಚ್ಚಿದಳು. ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಜೋರಿತ್ತು. "ಗುಲಬಕ್ಷಿ ಅಂದ್ರ ಗುಲಬಕ್ಷಿ. ನಾ ನೋಡೀನೋ ನಿಮ್ಮ ಮಷಿನ್ ನೋಡೇತೋ?" ಫೋನ್ ಇಟ್ಟ ಮೇಲೆ ಹುಡುಗಿ ಫೋಟೋವನ್ನು ನೋಡಲಿಲ್ಲ, ಪ್ರಿಂಟನ್ನೂ ನೋಡಲಿಲ್ಲ. "ದೊಡ್ಡವ್ವ ನನಗ ಯಾಕ ಸುಳ್ಳ ಹೇಳ್ಯಾಳ್ರಿ? ನಿಮ್ಮ ಮಷಿನ್ನ ತಪ್ಪಿರಬೇಕು," ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ನನಗೆ ಬಹಳ ಕೆಟ್ಟದೆನಿಸಿತು. ಇರುವ ಒಬ್ಬ ಹಿರಿಯಳ ಮಾತಿನ ಮೇಲೆ ನಾನು ಕಲ್ಲು ಹಾಕಿದ ಹಾಗಾಗಿತ್ತು.

ಸಂಘದ ಹುಲ್ಲು ಆ ವಾರ ಮತ್ತೆ ಒಣಗಿತು. ಈ ಸಲ ನಾನು ಹಟ ಹಿಡಿದೆ. ಬೆಳಿಗ್ಗೆ ಹಾಲಿನ ಕ್ಯಾನುಗಳು ಹೊರಡುವ ಹೊತ್ತಿಗೇ ಹೋಗಿ, ಕೌದಿಯನ್ನು ಕುರ್ಚಿಗೆ ಒಗೆದು, ಪ್ರಿಂಟರನ್ನು ಹೊರಗಿನ ಕಟ್ಟೆಯ ಬಿಸಿಲಿಗೆ ಹೊತ್ತು ತಂದು ಪೂರಾ ಬಿಚ್ಚಿದೆ. ಸೆಕ್ರೆಟರಿಯವರು ನನ್ನ ಬೆನ್ನಿಗೇ ನಿಂತಿದ್ದರು. ಬ್ಯಾಟರಿಯ ಬೆಳಕು ಬಿಟ್ಟು ಒಳಗೆ ನೋಡಿದರೆ, ಶಾಯಿಯ ತಲೆಯ ಅಡಿಗೆ ಏನೋ ಅಂಟಿಕೊಂಡಿದೆ. ಚಿಮಟಿಗೆಯಿಂದ ಹಿಡಿದು ಎಳೆದೆ. ಬರುತ್ತಲೇ ಇತ್ತು. ಉದ್ದನೆಯ ನೂಲಿನ ಎಳೆಗಳು, ಮೂರೋ ನಾಲ್ಕೋ ಒಂದಕ್ಕೊಂದು ಹೊಸೆದುಕೊಂಡು ದಾರದಂತಾಗಿದ್ದವು. ಈ ದಾರವೇ ಒದ್ದೆ ಶಾಯಿಯ ಮೇಲೆ ಎಳೆದಾಡಿ ಹಸಿರನ್ನು ಹಳದಿಗೆ, ಹಳದಿಯನ್ನು ಬೂದುಬಣ್ಣಕ್ಕೆ ಉಜ್ಜುತ್ತಿತ್ತು. ನಾನು ತಲೆ ತೊಳೆದಾಗ ಸರಿದು ನಿಲ್ಲುವುದು, ಕೆಲವು ದಿನಕ್ಕೆ ಮತ್ತೆ ಅಡಿಗೆ ಬರುವುದು.

"ನಾ ಹೇಳಿದ್ದಿಲ್ಲೇನ," ಎಂದು ಕೂಗಿಕೊಂಡೇ ಒಳಗೆ ಹೋದೆ. "ಇದ ನೋಡು ನಿನ್ನ ಕೌದಿ ಮಾಡಿದ ಕೆಲಸ."

ಹುಡುಗಿ ಎದ್ದು ಬಂದಳು. ದಾರವನ್ನು ಬಾಗಿಲ ಬೆಳಕಿಗೆ ಹಿಡಿದೆ. ಒಂದು ತುದಿ ನಾಲ್ಕೂ ಶಾಯಿ ಕುಡಿದು ಕಪ್ಪಾಗಿತ್ತು. ಇನ್ನೊಂದು ತುದಿ ಕಾಗದ ಒಳಗೆ ಹೋಗುವ ಸಂದಿಯಲ್ಲಿ ಒಣಗಿಯೇ ಉಳಿದಿತ್ತು. ಆ ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡಿದೆ. ನೀಲಿ, ಆದರೆ ಬರಿಯ ನೀಲಿಯಲ್ಲ. ನವಿಲಿನ ಕೊರಳಲ್ಲಿ ಹಸಿರಿಗೆ ತಿರುಗುವ ಮೊದಲು ಒಂದು ನೀಲಿ ಇರುತ್ತದಲ್ಲ, ಅದು. ನಮ್ಮ ಕಡೆಯ ಸೀರೆ ಅಂಗಡಿಗಳಲ್ಲಿ ಅದಕ್ಕೆ ಚಿಂತಾಮಣಿ ಅನ್ನುತ್ತಾರೆ. ಶಾಯಿಯೇ ಹತ್ತಿರಬೇಕೆಂದು ಒದ್ದೆ ಬೆರಳಿನಿಂದ ಉಜ್ಜಿದೆ. ಬೆರಳಿಗೆ ಹತ್ತಲಿಲ್ಲ. ಬಟ್ಟೆಗೆ ಹಾಕಿದ ಬಣ್ಣವೇ ಹೌದು.

ಕೌದಿಯ ಮೇಲಿನ ತುಂಡುಗಳಲ್ಲಿ ಈ ಬಣ್ಣದ್ದು ಒಂದೂ ಇರಲಿಲ್ಲ. ಇಬ್ಬರೂ ಅದನ್ನು ಮೇಜಿನ ಮೇಲೆ ಹಾಸಿ ಹುಡುಕಿದೆವು. ಅಂಚಿನಲ್ಲಿ ಬೆರಳು ಹೋಗುವಷ್ಟು ಒಂದು ತೂತು ಸಿಕ್ಕಿತು. ಪ್ರಿಂಟರಿನ ಹಿಂದೆ ಕಾಗದ ನಿಲ್ಲಿಸುವ ತಟ್ಟೆಯ ಮೂಲೆ ಮುರಿದು ಚೂಪಾಗಿತ್ತು, ದಿನವೂ ಹೊದಿಸಿ ತೆಗೆಯುವಾಗ ಅಲ್ಲೇ ಸಿಕ್ಕಿ ಹರಿದಿತ್ತು. ತೂತಿನ ಅಂಚನ್ನು ಬಿಡಿಸಿ ನೋಡಿದರೆ, ಮೇಲಿನ ತುಂಡಿನ ಕೆಳಗೆ, ಎರಡು ಹಳೆಯ ಧೋತರದ ಪದರುಗಳ ನಡುವೆ, ಒಂದು ಸೀರೆಯ ಪದರು. ಬಿಸಿಲು ಕಾಣದೆ, ಗಾಳಿ ಕಾಣದೆ, ನಿನ್ನೆ ಅಂಗಡಿಯಿಂದ ತಂದ ಹಾಗೆ ಇತ್ತು.

ನಾನು ಫೋಟೋದ ಪ್ರಿಂಟನ್ನು ಅದರ ಪಕ್ಕ ಹಿಡಿದೆ. ಅಲ್ಲಿ ಮಸುಕಾಗಿ ನಿಂತಿದ್ದ ನೀಲಿ ಇದೇ. ಹುಡುಗಿ ತೂತಿನೊಳಗೆ ಬೆರಳು ತೂರಿಸಿ ಆ ಬಟ್ಟೆಯನ್ನು ಮುಟ್ಟಿದಳು. ಮುಟ್ಟಿದವಳು ಬೆರಳು ತೆಗೆಯಲಿಲ್ಲ. ಸೆಕ್ರೆಟರಿಯವರು ಹೊರಗಿನಿಂದ, "ಮಿಸ್ತ್ರಿ, ಮಷಿನ್ ಬಿಸಲಾಗ ಬಿಟ್ಟ ಒಳಗ ಏನ ಮಾಡಾಕತ್ತೀರಿ?" ಎಂದು ಕೂಗುತ್ತಲೇ ಇದ್ದರು.

ಎರಡು ದಿನ ಬಿಟ್ಟು ದೊಡ್ಡವ್ವ ಐನಾಪುರದಿಂದ ಬಂದಳು. ಪ್ರಿಂಟರಿಗೆ ಹೊಸ ತಟ್ಟೆ ಕೂಡಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಎತ್ತರದ ಆಳು, ಎಡಗೈಯಲ್ಲಿ ಚೀಲ, ಮಾತೆಲ್ಲ ಆಜ್ಞೆಯೇ. "ಸೀರಿ ತರಾಕ ಹೋಗೂಣ ನಡಿ, ಗುಲಬಕ್ಷಿ ಎಲ್ಲಿ ಛಲೋ ಸಿಗತಾವ ನನಗ ಗೊತ್ತೈತಿ," ಎನ್ನುತ್ತಲೇ ಒಳಗೆ ಬಂದಳು. ಹುಡುಗಿ ಕೌದಿಯನ್ನು ಅವಳ ಕೈಗೆ ಕೊಟ್ಟು ತೂತನ್ನು ಅಗಲಿಸಿ ತೋರಿಸಿದಳು.

ದೊಡ್ಡವ್ವ ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತಳು. ಬಂದಾಗಿನ ಧ್ವನಿ ಈಗ ಇರಲಿಲ್ಲ.

"ಇದನ್ನ ಹೊಳ್ಯಾಗ ಬಿಟ್ಟ ಬಂದೀನಿ ಅಂತ ಹೇಳಿದ್ಳಲ್ಲ ನಮ್ಮವ್ವ," ಎಂದಳು. "ಅಂಗಡ್ಯಾಗ ನಿಮ್ಮವ್ವ ತಾನ ಆರಿಸಿದ್ಳು. ಚಿಂತಾಮಣಿನ ಬೇಕಂತ ಹಟ ಹಿಡದಿದ್ಳು. ನನ್ನ ಕೈಯಾರೆ ಉಡಿಸಿದ್ದೆ. ಅದನ್ನ ಉಟ್ಟಾಕಿ ಆಮ್ಯಾಲ ಉಳೀಲಿಲ್ಲ. ಅದ ಬಣ್ಣ ನಿನಗ ಉಡಸಂದ್ರ ನನ್ನ ಕೈ ಹ್ಯಾಂಗ ಏಳಬೇಕ ಹೇಳ ಮಗಳ. ಅದಕ್ಕ ಗುಲಬಕ್ಷಿ ಅಂದೆ. ಆ ಬಣ್ಣ ನಿನ್ನ ಹತ್ರ ಸುಳೀಬಾರದು ಅಂತಂದೆ."

ಹೆರಿಗೆಯಲ್ಲಿ ಹೋದವಳ ಸೀರೆಯನ್ನು ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇನ್ನೊಬ್ಬ ಬಸುರಿಗೆ ಆ ಬಣ್ಣ ಉಡಿಸುವುದಂತೂ ದೂರದ ಮಾತು. ಅವಳ ಭಯ ನನಗೆ ಅರ್ಥವಾಯಿತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹುಡುಗಿ ನೆಲದ ಮೇಲೆ ಅವಳ ಕಾಲ ಹತ್ತಿರ ಕೂತಳು. ಏಳು ತಿಂಗಳ ಹೊಟ್ಟೆಯವಳು ನೆಲಕ್ಕೆ ಕೂರುವುದು ಸುಲಭವಲ್ಲ, ಮೇಜಿನ ಕಾಲು ಹಿಡಿದು ಕೂತಳು.

"ದೊಡ್ಡವ್ವ, ಹುಟ್ಟಿದಾಗಿಂದ ಇದನ್ನ ಹೊದ್ಕೊಂಡ ಮಲಗೀನಿ. ಜ್ವರ ಬಂದ್ರ ಇದು, ಮಳಿ ಬಂದ್ರ ಇದು. ನನಗೇನಾಗೇತಿ ಹೇಳು. ಆಯಿಗೆ ಇದು ಕೆಟ್ಟದ್ದು ಅನಸಿದ್ರ ಕೂಸಿನ ಮೈಮ್ಯಾಲ ಹಾಕತಿದ್ಳೇನ?"

ದೊಡ್ಡವ್ವ ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ಸಾಲು ಸಾಲು. ಮಗಳನ್ನು ಕಳೆದುಕೊಂಡ ಆ ಮುದುಕಿ ಊರಿಗೆಲ್ಲ ಸುಳ್ಳು ಹೇಳಿ, ಮಗಳ ಸೀರೆಯನ್ನು ಮಗಳ ಕೂಸಿಗೆ ಗುಟ್ಟಾಗಿ ಹೊದಿಸಿದ್ದಳು. ನಾನು ಸ್ಕ್ರೂ ಬಿಗಿಯುವ ನೆಪ ಮಾಡಿ ಪ್ರಿಂಟರಿನ ಹಿಂದೆ ಮುಖ ಇಟ್ಟುಕೊಂಡೆ.

"ನಮ್ಮವ್ವ ತಾನ ಹೊದಿಸಿದ ಮ್ಯಾಲೆ ನಾ ಯಾರ ಬ್ಯಾಡ ಅನ್ನಾಕಿ," ಎಂದಳು ದೊಡ್ಡವ್ವ. ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿ, ಮತ್ತೆ ಅದೇ ಆಜ್ಞೆಯ ಧ್ವನಿಯಲ್ಲಿ, "ಏ ತಮ್ಮಾ, ಬಣ್ಣದ ಕೆಲಸ ಮಾಡಾಂವ ನೀನ ಅಲ್ಲ? ನಡಿ ನಮ್ಮ ಕೂಡ. ಅಂಗಡ್ಯಾಂವ ಟ್ಯೂಬಲೈಟಿನ್ಯಾಗ ಮೋಸ ಮಾಡತಾನ," ಎಂದಳು.

ಚಿಕ್ಕೋಡಿಯ ಸೀರೆ ಅಂಗಡಿಯಲ್ಲಿ ಆ ದಿನ ನಾನು ಕೊಟ್ಟ ಕಾಟ ಅಂಗಡಿಯವನು ಜನ್ಮದಲ್ಲಿ ಮರೆಯಲಿಕ್ಕಿಲ್ಲ. ಅವನು ತೆಗೆದ ಪ್ರತಿ ನೀಲಿಯನ್ನೂ ಬಾಗಿಲಿಗೆ ತಂದು, ಸ್ಕ್ರೂ ಇಡುವ ಡಬ್ಬಿಯಿಂದ ಆ ದಾರ ತೆಗೆದು, ಸೀರೆಯ ಮೇಲಿಟ್ಟು ನೋಡುವುದು, ತಲೆ ಅಲ್ಲಾಡಿಸುವುದು. ಇದು ಹಸಿರಿಗೆ ಹೋಯಿತು, ಇದು ಮುಗಿಲಿನ ನೀಲಿ, ಇದರಲ್ಲಿ ಜೀವವೇ ಇಲ್ಲ. ಆಫೀಸಿನವರು ನನ್ನನ್ನು ಇಷ್ಟು ವರ್ಷ ಹೇಗೆ ಗೋಳು ಹುಯ್ದುಕೊಂಡಿದ್ದರೋ ಹಾಗೇ ನಾನು ಅವನನ್ನು ಹುಯ್ದುಕೊಂಡೆ. ಕೊನೆಗೆ ಅಟ್ಟದಿಂದ ಇಳಿಸಿದ ಗಂಟಿನಲ್ಲಿ ಒಂದು ಸಿಕ್ಕಿತು. ದಾರವನ್ನು ಅದರ ಮೇಲೆ ಇಟ್ಟರೆ ದಾರ ಕಾಣಲಿಲ್ಲ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅದನ್ನೇ ಕಟ್ಟಿಕೊಡು ಎಂದು ಕೈಸನ್ನೆ ಮಾಡಿದಳು.

ಕುಬಸಕ್ಕೆ ನನ್ನನ್ನೂ ಕರೆದಿದ್ದರು, ಹೆಂಡತಿಯನ್ನು ಕರೆದುಕೊಂಡು ಹೋಗಿ ಹೋಳಿಗೆ ಉಂಡು ಬಂದೆ. ಅವಳು ಆ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತದ್ದು ಆ ಹಳೆಯ ಫೋಟೋಕ್ಕೆ ಬಣ್ಣ ತಿರುಗಿ ಬಂದ ಹಾಗೆ ಇತ್ತು. ಆ ಪ್ರಿಂಟರು ಈಗ ಗುಜರಿಗೆ ಹೋಗಿದೆ. ಸೆಕ್ರೆಟರಿಯವರು ನಿವೃತ್ತರಾಗಿದ್ದಾರೆ, ಎಮ್ಮೆಯ ಹುಲ್ಲು ಈಗ ಪರದೆಯ ಮೇಲಷ್ಟೇ ಹಸಿರಾಗಿದೆ. ಯಾವುದಾದರೂ ಫೋನು ಬಂದು, ಬಣ್ಣ ಬರಾಬರಿ ಇಲ್ಲ ಬರ್ರಿ ಅಂತ ಯಾರಾದರೂ ಜಗಳಕ್ಕೆ ನಿಂತರೆ ಸಾಕು ಅನಿಸುತ್ತದೆ ಕೆಲವು ಸಲ.

ಆ ದಿನಗಳ ಒಂದು ಮಾತು ಉಳಿಯಿತು. ಕುಬಸವಾದ ವಾರಕ್ಕೆ ದೊಡ್ಡವ್ವ ಅವಳನ್ನು ಹೆರಿಗೆಗೆಂದು ಐನಾಪುರಕ್ಕೆ ಕರೆದೊಯ್ಯಲು ಬಂದಳು. ಹೋಗುವ ದಾರಿಯಲ್ಲಿ ಇಬ್ಬರೂ ಆಫೀಸಿಗೆ ಬಂದರು, ಕೌದಿ ಒಯ್ಯಲು. ನಾನು ಅವಳಿಗೆ ಮರಳಿ ಕೊಡಲೆಂದೇ ದಾರವನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗಿದ್ದೆ. ಕೌದಿಯನ್ನು ಬಿಚ್ಚಿ ಒಳಗಿನ ಸೀರೆಯನ್ನು ಹೊರಗೆ ತೆಗೆದುಕೋ ಎಂದು ಸೆಕ್ರೆಟರಿಯವರು ಸಲಹೆ ಕೊಟ್ಟರು. "ಬ್ಯಾಡ್ರಿ ಸಾಹೇಬ್ರ, ಆಯಿ ಹೊಲಿಗಿ ನಾ ಬಿಚ್ಚೂದಿಲ್ಲ," ಎಂದಳು ಹುಡುಗಿ. ನನ್ನ ಕೈಯಿಂದ ದಾರ ಇಸಿದುಕೊಂಡು ಸೂಜಿಗೆ ಪೋಣಿಸಿ, ಆ ತೂತನ್ನು ಹೊಲಿಯಲು ಕೂತಳು. ಅವಳ ಹೊಲಿಗೆ ಆಯಿಯ ಹೊಲಿಗೆಯಷ್ಟು ಸಣ್ಣದಾಗಿರಲಿಲ್ಲ. ತಾಯಿಯ ಸೀರೆಯ ನೂಲು ತಾಯಿಯ ಸೀರೆಯನ್ನೇ ಮತ್ತೆ ಒಳಗೆ ಮುಚ್ಚಿತು. ಕೊನೆಗೆ ಶಾಯಿ ಕುಡಿದ ಕಪ್ಪು ತುದಿ ಮೇಲೆ ಉಳಿಯಿತು. ನಾನು ಕತ್ತರಿ ಚಾಚಿದೆ.

ದೊಡ್ಡವ್ವ ನನ್ನ ಕೈ ಹಿಡಿದು ತಡೆದಳು. "ಇರ್ಲಿ ಬಿಡ ತಮ್ಮಾ. ಹುಟ್ಟೂ ಕೂಸಿಗೆ ದೃಷ್ಟಿಬೊಟ್ಟ ಆಕ್ಕೈತಿ," ಎಂದು ಕೌದಿಯನ್ನು ಮಡಿಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.